ಅಚ್ಚಿನಲ್ಲಿ ಕಾಣೆಯಾದ ಮೈನಸ್

ಕಳಸದ ಕಡೆಯ ಆ ಬೆಳೆಗಾರ್ತಿ ನಮ್ಮ ಕಚೇರಿಯ ಮೆಟ್ಟಿಲು ಹತ್ತಿ ಬಂದವರು ಕೂರಲಿಲ್ಲ. ಪ್ಲಾಸ್ಟಿಕ್ ಚೀಲದಿಂದ ನಾವೇ ಹಂಚಿದ್ದ ಕಿರುಪುಸ್ತಕ ತೆಗೆದು, ಹನ್ನೆರಡನೇ ಪುಟ ಬಿಡಿಸಿ, ನನ್ನ ಮೇಜಿನ ಮೇಲಿಟ್ಟರು.

“ಒಂಬತ್ತನೇ ನಂಬ್ರ ನಮ್ಮ ತೋಟದ್ದಲ್ವ ಮೇಡಂ?”

“ಹೌದು.”

“ಅದರ ಎದುರಿಗೆ ಎಂತ ಬರ್ದಿದೀರಿ, ನೀವೇ ಓದಿ.”

ಹದಿನೆಂಟು ಎಂದಿತ್ತು. ಕನ್ನಡ ಅಂಕಿಯಲ್ಲಿ, ನನ್ನದೇ ನಕ್ಷೆಯಲ್ಲಿ.

“ಬೋರರ್ ಹುಳ ಹೊಡ್ದು ನನ್ನ ಗಿಡ ಒಣಗಿದ್ದನ್ನ ನಿಮ್ಮೋರೇ ಬಂದು ಎಣ್ಸಿಕೊಂಡು ಹೋಗಿದಾರೆ. ಫಸಲು ನೂರಕ್ಕೆ ಹದಿನೆಂಟು ಕಡಿಮೆ ಆಗಿದ್ದು ಪುಸ್ತಕದಲ್ಲಿ ಹದಿನೆಂಟು ಜಾಸ್ತಿ ಹೆಂಗಾಯ್ತು? ನಮ್ಮೂರಲ್ಲಿ ಆರು ಮನೆಯೋರು ಇದನ್ನ ನೋಡ್ಕೊಂಡು ನೆರಳಿನ ಮರ ಕಡಿಸಕ್ಕೆ ಸುಣ್ಣದ ಗುರುತು ಹಾಕ್ಸಿದಾರೆ. ನಾನು ಬ್ಯಾಡ ಅಂದ್ರೆ, ನಿಂಗೆ ಫಸಲು ಜಾಸ್ತಿ ಬಂದದೆ, ನಮಗೆ ಬರದು ಬ್ಯಾಡನಾ ಅಂತಾರೆ. ಊರಲ್ಲಿ ನಾನು ಸುಳ್ಳಿ ಆಗಿ ಕೂತಿದೀನಿ.”

ಆ ಸಂಖ್ಯೆಗೆ ಮೊದಲು ಮೈನಸ್ ಗುರುತು ಇರಬೇಕಿತ್ತು. ಒಂಬತ್ತನೆಯದಕ್ಕೆ ಮಾತ್ರವಲ್ಲ, ಆ ಪುಟದಲ್ಲಿ ಎಲ್ಲಿಯೂ ಒಂದು ಮೈನಸ್ ಉಳಿದಿರಲಿಲ್ಲ.

ಇದು ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿದ್ದಾಗಿನ ಮಾತು. ಮೂಡಿಗೆರೆಯ ಬಸ್‌ಸ್ಟ್ಯಾಂಡಿನ ಹತ್ತಿರ, ಗೊಬ್ಬರದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಬೆಳೆಗಾರರ ಸಂಘವೊಂದರ ಕಚೇರಿಯಿತ್ತು. ನಾನು ಅಲ್ಲಿ ಗುತ್ತಿಗೆಯ ಮೇಲೆ ಅಂಕಿ-ಅಂಶ ನೋಡಿಕೊಳ್ಳುವವಳು. ಸಂಘ ಮೂರು ವರ್ಷ ಒಂದು ಪ್ರಯೋಗ ನಡೆಸಿತ್ತು: ಕಾಫಿ ತೋಟದ ನೆರಳಿನ ಮರಗಳನ್ನು ಕಡಿಮೆ ಮಾಡಿದರೆ ಫಸಲು ಹೆಚ್ಚುತ್ತದೆಯೇ? ಇಪ್ಪತ್ನಾಲ್ಕು ತೋಟಗಳಲ್ಲಿ ಒಂದೊಂದು ತಾಕು ಗುರುತಿಸಿ, ನೆರಳು ತೆಗೆಸಿ, ಫಸಲಿನ ವ್ಯತ್ಯಾಸ ಬರೆದುಕೊಂಡಿದ್ದೆವು. ರೋಬಸ್ಟಾದಲ್ಲಿ ಫಸಲು ಏರಿತ್ತು. ಅರೇಬಿಕಾದಲ್ಲಿ ಬಿಸಿಲು ಬಿದ್ದ ಕಡೆಯಲ್ಲೆಲ್ಲ ಕಾಂಡ ಕೊರೆಯುವ ಬೋರರ್ ಹುಳ ಹೊಕ್ಕು ಫಸಲು ಇಳಿದಿತ್ತು. ಇದನ್ನು ಬೆಳೆಗಾರರಿಗೆ ಒಂದೇ ನೋಟಕ್ಕೆ ತಿಳಿಯುವಂತೆ ನಾನು ಒಂದು ನಕ್ಷೆ ಮಾಡಿದ್ದೆ. ಇಪ್ಪತ್ನಾಲ್ಕು ಸಾಲು, ನಡುವೆ ಸೊನ್ನೆಯ ಗೆರೆ. ಏರಿಕೆಯಾದರೆ ಪಟ್ಟಿ ಬಲಕ್ಕೆ, ಇಳಿಕೆಯಾದರೆ ಎಡಕ್ಕೆ, ಪಕ್ಕದಲ್ಲಿ ಸಂಖ್ಯೆ.

ಪಟ್ಟಿ ಎಡಕ್ಕಿದ್ದರೂ ಜನ ಮೋಸ ಹೋದದ್ದು ಹೇಗೆ ಎಂದು ಕೇಳಿದೆ.

“ಎಡಗಡೆದು ಅರೇಬಿಕಾ, ಬಲಗಡೆದು ರೋಬಸ್ಟಾ ಅಂದ್ಕೊಂಡಿದಾರೆ” ಎಂದರು ಅವರು. “ಅವ್ರನ್ನ ಬೈಯಕ್ಕಾಗದಿಲ್ಲ. ಎಲ್ರೂ ಓದೋದು ನಂಬ್ರನೇ.”

ಅವರೆದುರೇ ಕಂಪ್ಯೂಟರಿನಲ್ಲಿ ನಕ್ಷೆ ತೆರೆದು ತೋರಿಸಿದೆ. ಪರದೆಯ ಮೇಲೆ ಮೈನಸ್ ಇತ್ತು. ನಮ್ಮ ಪ್ರಿಂಟರಿನಲ್ಲಿ ಒಂದು ಹಾಳೆ ತೆಗೆದೆ. ಅದರಲ್ಲೂ ಇತ್ತು. ಅವರು ಆ ಹಾಳೆಯನ್ನೂ ಪುಸ್ತಕವನ್ನೂ ಅಕ್ಕಪಕ್ಕ ಹಿಡಿದು ನೋಡಿ, ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು.

“ನಿಮ್ಮ ಹತ್ರ ಇದ್ದಿದ್ದು ಪುಸ್ತಕದಲ್ಲಿ ಇಲ್ಲ ಅಂದ್ರೆ, ನಡುವೆ ಯಾರೋ ತೆಗ್ದಿದಾರೆ. ಯಾರು ಅಂತ ನೀವೇ ನೋಡಿ. ಮರ ಕಡಿಯೋರು ಮುಂದಿನ ಸೋಮವಾರ ಬರ್ತಾರೆ.”

ಅದು ಮಂಗಳವಾರ.

ಅವರು ಹೋದ ಮೇಲೆ ಆ ನಕ್ಷೆ ಯಾರ್‍ಯಾರ ಕೈ ದಾಟಿತ್ತೆಂದು ನೆನಪು ಮಾಡಿಕೊಂಡೆ. ನಾನು ಫೈಲನ್ನು ಸಿಡಿಗೆ ಬರೆದು ನಮ್ಮ ಸಂಯೋಜಕರಿಗೆ ಕೊಟ್ಟಿದ್ದೆ. ಪ್ರಯೋಗದ ಉಸ್ತುವಾರಿಯೆಲ್ಲ ಅವರದೇ. ಎರಡು ದಿನ ಸಿಡಿ ಅವರ ಜೀಪಿನಲ್ಲಿತ್ತು. ನಂತರ ಚಿಕ್ಕಮಗಳೂರಿನ ಪ್ರೆಸ್ಸಿಗೆ ಹೋಯಿತು. ನೆರಳು ತೆಗೆಸುವುದು ಸಂಯೋಜಕರ ಇಷ್ಟದ ಯೋಜನೆ. ಐದು ವರ್ಷದಿಂದ ಸಭೆ ಸಭೆಗಳಲ್ಲಿ ಅದನ್ನೇ ಹೇಳಿಕೊಂಡು ಬಂದವರು. ಇನ್ನು ಪ್ರೆಸ್ಸಿನವರಿಗೆ ನಮ್ಮ ಸಂಘದ ಅಧ್ಯಕ್ಷರ ಎಸ್ಟೇಟಿನ ಲೆಟರ್‌ಹೆಡ್ಡಿನಿಂದ ಹಿಡಿದು ಮದುವೆ ಕಾಗದದವರೆಗೆ ಎಲ್ಲ ಕೆಲಸ ಹೋಗುತ್ತಿತ್ತು. ಅಧ್ಯಕ್ಷರ ತೋಟವೇ ಪ್ರಯೋಗದ ಒಂದನೇ ನಂಬರಿನ ಮಾದರಿ ತೋಟ. ಬಸ್ಸು ಮಾಡಿಕೊಂಡು ಬೆಳೆಗಾರರನ್ನು ಅಲ್ಲಿಗೇ ಕರೆದೊಯ್ಯುತ್ತಿದ್ದೆವು. ಯೋಚಿಸಿದಷ್ಟೂ ಎಲ್ಲರ ಮೇಲೂ ಅನುಮಾನ ಬರುತ್ತಿತ್ತು. ಸಂಯೋಜಕರಿಗೆ ಏನೂ ಹೇಳದೆ, ಹಲ್ಲುನೋವೆಂದು ಅರ್ಧ ದಿನ ರಜೆ ಬರೆದಿಟ್ಟು ಬಸ್ಸು ಹತ್ತಿದೆ.

ಪ್ರೆಸ್ಸಿನಲ್ಲಿ ಪುಟ ವಿನ್ಯಾಸ ಮಾಡುತ್ತಿದ್ದವರು ಐವತ್ತು ದಾಟಿದವರು. ಮೊದಲು ಸೀಸದ ಮೊಳೆ ಜೋಡಿಸುತ್ತಿದ್ದು, ಆಮೇಲೆ ಕಂಪ್ಯೂಟರ್ ಕಲಿತವರು. ನನಗೂ ಅವರಿಗೂ ಹಿಂದೆ ಒಮ್ಮೆ ಜಟಾಪಟಿಯಾಗಿತ್ತು. ನನ್ನ ನಕ್ಷೆಯ ಮೊದಲ ಪ್ರತಿ ಅವರಲ್ಲಿ ತೆರೆದಾಗ ಒತ್ತಕ್ಷರಗಳೆಲ್ಲ ಉದುರಿಹೋಗಿದ್ದವು. ತಪ್ಪು ನಿಮ್ಮದೆಂದು ಇಬ್ಬರೂ ಹೇಳಿಕೊಂಡಿದ್ದೆವು. ನಾನು ನೇರ ಕೇಳಿದೆ.

“ಮೈನಸ್ ತೆಗೀರಿ ಅಂತ ನಿಮಗೆ ಯಾರು ಹೇಳಿದ್ರು?”

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಪಕ್ಕದಲ್ಲಿ ಮದುವೆ ಕಾಗದದ ಮಾದರಿ ನೋಡುತ್ತಿದ್ದ ಗಿರಾಕಿಗಳೂ ತಿರುಗಿ ನೋಡಿದರು.

“ಯಾವ ಮೈನಸ್ಸು?”

ಪುಸ್ತಕ ಬಿಡಿಸಿ ತೋರಿಸಿದೆ. “ಇಳಿಕೆಯಾದ ತೋಟಗಳ ಲೆಕ್ಕ ಎಲ್ಲಾ ಉಲ್ಟಾ ಆಗಿದೆ. ಅಧ್ಯಕ್ಷರು ಹೇಳಿದ್ರಾ? ಇಲ್ಲ ನಮ್ಮ ಸಾಹೇಬ್ರಾ? ಹೇಳಿಬಿಡಿ, ನಾನು ನಿಮ್ಮ ಹೆಸ್ರು ತರಲ್ಲ.”

“ಮೇಡಂ, ನಾನು ಮೂವತ್ತು ವರ್ಷದಿಂದ ಅಕ್ಷರ ಮುಟ್ಟಿಕೊಂಡು ಊಟ ಮಾಡ್ತಿದೀನಿ. ಕಾಗದದಲ್ಲಿ ತಪ್ಪಿದ್ರೂ ಬರ್ದೋರನ್ನ ಕೇಳ್ದೆ ತಿದ್ದಿದೋನಲ್ಲ. ನೀವು ಇಷ್ಟು ಜನರ ಎದುರಿಗೆ ಈ ಮಾತು ಆಡಬಾರ್ದಿತ್ತು.”

ಎದ್ದು ಹೋಗಿ ಬೀರುವಿನಿಂದ ಸಿಡಿ ತಂದರು. ಅದರ ಮೇಲೆ ಮಾರ್ಕರಿನಲ್ಲಿ ನನ್ನದೇ ಕೈಬರಹ, ನನ್ನದೇ ಸಹಿ. ಒಮ್ಮೆ ಬರೆದರೆ ಮತ್ತೆ ತಿದ್ದಲಾಗದ ಜಾತಿಯ ಸಿಡಿ. ನನ್ನ ಕೈಯಲ್ಲೇ ಕೊಟ್ಟು, ನೀವೇ ಹಾಕಿ, ನೀವೇ ತೆರೆಯಿರಿ ಎಂದರು. ತೆರೆದೆ. ಹನ್ನೆರಡನೇ ಪುಟದ ನಕ್ಷೆ ಬಂತು. ಮೈನಸ್ ಇರಲಿಲ್ಲ.

ಅವರು ಕನ್ನಡಕ ಹಾಕಿಕೊಂಡು ತಮ್ಮ ಕೆಲಸಕ್ಕೆ ಕೂತರು. ನಾನು ಕ್ಷಮೆ ಕೇಳಬೇಕಿತ್ತು, ಕೇಳಲಿಲ್ಲ. ಆಗ ನನ್ನ ತಲೆಯಲ್ಲಿದ್ದದ್ದು ಬೇರೆ. ಸಿಡಿಗೆ ಹೋಗುವ ಮೊದಲೇ ಫೈಲು ಕೆಟ್ಟಿತ್ತೆಂದರೆ ಅದು ನಮ್ಮ ಕಚೇರಿಯಲ್ಲಿ, ನನ್ನ ಕಂಪ್ಯೂಟರಿನಲ್ಲೇ ಕೆಟ್ಟಿದೆ. ಅದರ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಮಾನಿಟರಿನ ಅಂಚಿಗೇ ಅಂಟಿಸಿದ್ದೆವು. ನಾನಿಲ್ಲದಾಗ ಸಂಯೋಜಕರೂ ಅಲ್ಲಿ ಕೂರುತ್ತಿದ್ದರು. ವಾಪಸು ಬರುವ ಬಸ್ಸಿನಲ್ಲಿ ಅವರ ಒಂದೊಂದು ಮಾತನ್ನೂ ಹೊರಳಿಸಿ ನೋಡುತ್ತ ಕೂತೆ. ‘ನಕ್ಷೆ ಸ್ವಲ್ಪ ಉತ್ಸಾಹ ಕೊಡೋ ಹಾಗಿರ್ಲಿ’ ಎಂದು ಒಮ್ಮೆ ಹೇಳಿದ್ದರು. ಅದೊಂದು ಮಾತಿಗೆ ಎಷ್ಟು ಅರ್ಥ ಹಚ್ಚಬಹುದೋ ಅಷ್ಟನ್ನೂ ಹಚ್ಚಿದೆ.

ಬುಧವಾರ ಸಂಯೋಜಕರು ಬಾಳೂರಿನ ಕಡೆ ತೋಟ ನೋಡಲು ಹೋಗಿದ್ದರು. ಮೊದಲು ಪಾಸ್‌ವರ್ಡ್ ಬದಲಾಯಿಸಿದೆ. ಆಮೇಲೆ ಹೊಸದಾಗಿ, ಮೊದಲಿನಿಂದ, ಪ್ರೆಸ್ಸಿಗೆ ಕಳಿಸುವಂಥ ಪಿಡಿಎಫ್ ಫೈಲನ್ನು ಮಾಡಿದೆ. ನನ್ನ ಬೆರಳು ಬಿಟ್ಟು ಇನ್ನೊಬ್ಬರ ಬೆರಳು ಕೀಲಿಮಣೆಗೆ ತಾಗಿರಲಿಲ್ಲ. ಫೈಲು ತೆರೆದೆ. ಮೈನಸ್ ಇರಲಿಲ್ಲ.

ಪರದೆಯ ಒಂದು ಕಿಟಕಿಯಲ್ಲಿ ಮೈನಸ್ ಹದಿನೆಂಟು, ಪಕ್ಕದ ಕಿಟಕಿಯಲ್ಲಿ ಬರೀ ಹದಿನೆಂಟು. ಯಾರೂ ತೆಗೆದಿರಲಿಲ್ಲ. ನಾನು ನಂಬಿದ್ದ ಯಂತ್ರವೇ ನುಂಗಿತ್ತು. ಅದಕ್ಕಿಂತ ನಾಚಿಕೆಯಾದದ್ದು ಇನ್ನೊಂದಕ್ಕೆ. ಫೈಲು ಮಾಡುವಾಗ ಪ್ರತಿ ಸಲವೂ ಕೆಳಗೆ ಕೆಂಪಕ್ಷರದಲ್ಲಿ ಇಂಗ್ಲಿಷಿನ ಎಚ್ಚರಿಕೆಯೊಂದು ಬರುತ್ತಿತ್ತು: ನಲವತ್ತೈದನೇ ಅಕ್ಷರದ ಅಗಲ ಗೊತ್ತಿಲ್ಲ. ತಿಂಗಳಿಂದ ಅದನ್ನು ನೋಡುತ್ತಿದ್ದೆ. ನಕ್ಷೆ ಬರುತ್ತಿತ್ತಲ್ಲ, ಅಷ್ಟು ಸಾಕೆಂದು ಬಿಟ್ಟಿದ್ದೆ. ಕರಡು ತಿದ್ದುವಾಗಲೂ ನಮ್ಮ ಪ್ರಿಂಟರಿನ ಹಾಳೆಯನ್ನೇ ನೋಡಿದ್ದೆ. ಪ್ರೆಸ್ಸಿಗೆ ಹೋಗುವ ಫೈಲಿನಲ್ಲಿ ಕನ್ನಡದ ಒತ್ತಕ್ಷರ ಸರಿಯಿದೆಯೇ ಎಂದು ನೋಡಿದ್ದೆನೇ ಹೊರತು ಅಂಕಿಗಳತ್ತ ಕಣ್ಣು ಹಾಯಿಸಿರಲಿಲ್ಲ.

ಆಗಿನ ಕನ್ನಡ ಫಾಂಟುಗಳ ಕಥೆ ಇಂದಿನವರಿಗೆ ಹೇಳಬೇಕು. ಕಂಪ್ಯೂಟರಿಗೆ ಕನ್ನಡ ಗೊತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳಿಗೆಂದು ಇದ್ದ ಇನ್ನೂರೈವತ್ತು ಚಿಲ್ಲರೆ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ತುಂಬಿಸಿದ್ದರು. ಒಂದು ಮನೆಯಲ್ಲಿ ತಲೆಕಟ್ಟು, ಇನ್ನೊಂದರಲ್ಲಿ ಕೊಂಬು, ಮತ್ತೊಂದರಲ್ಲಿ ಒತ್ತು. ನಾನು ಬಳಸುತ್ತಿದ್ದ ಸಂಖ್ಯಾಶಾಸ್ತ್ರದ ತಂತ್ರಾಂಶ ಪುಕ್ಕಟೆ ಸಿಗುವಂಥದ್ದು, ಕಮಾಂಡು ಬರೆದೇ ಕೆಲಸ ಮಾಡಿಸಬೇಕು. ಪರದೆಗೂ ನಮ್ಮ ಪ್ರಿಂಟರಿಗೂ ಅದು ವಿಂಡೋಸ್‌ನ ಫಾಂಟನ್ನು ನೇರ ಎರವಲು ಪಡೆಯುತ್ತಿತ್ತು. ಪಿಡಿಎಫ್ ಮಾಡಲು ಮಾತ್ರ ಅದೇ ಫಾಂಟನ್ನು ಬೇರೆ ರೂಪಕ್ಕೆ ಪರಿವರ್ತಿಸಿ, ಒಂದೊಂದು ಅಕ್ಷರದ ಅಗಲವನ್ನೂ ಪಟ್ಟಿ ಮಾಡಿದ ಒಂದು ಫೈಲನ್ನು ಜೊತೆಗೆ ಕೊಡಬೇಕಿತ್ತು. ನಾನು ಹಾಗೆ ಪರಿವರ್ತಿಸಿದ್ದೆ. ಉದುರಿದ ಒತ್ತಕ್ಷರಗಳನ್ನೂ ಹಿಂದೆ ಹೀಗೆಯೇ ಸರಿಮಾಡಿದ್ದೆ. ಎಲ್ಲ ಮುಗಿಯಿತೆಂದುಕೊಂಡಿದ್ದೆ.

ಈಗ ಇಡೀ ನಕ್ಷೆ ಬಿಟ್ಟು ಖಾಲಿ ಪುಟದ ಮೇಲೆ ಒಂದೇ ಸಂಖ್ಯೆ ಬರೆಸಿದೆ: ಮೈನಸ್ ಐದು. ತಂತ್ರಾಂಶದ ಜೊತೆಗೇ ಬರುವ ಇಂಗ್ಲಿಷ್ ಫಾಂಟಿನಲ್ಲಿ ಮೈನಸ್ ಬಂತು. ನನ್ನ ಕನ್ನಡ ಫಾಂಟಿನಲ್ಲಿ ಬರಲಿಲ್ಲ. ಗಾತ್ರ ದೊಡ್ಡದು ಮಾಡಿದೆ, ದಪ್ಪಕ್ಷರ ಮಾಡಿದೆ, ಬರಲಿಲ್ಲ. ಇನ್ನೊಂದು ಕನ್ನಡ ಫಾಂಟು ಹಾಕಿದೆ. ಅಲ್ಲಿ ಮೈನಸ್ಸಿನ ಜಾಗದಲ್ಲಿ ಒಂದು ಚೌಕ ಬಂತು. ಫಾಂಟನ್ನು ಮತ್ತೆ ಪರಿವರ್ತಿಸಲು ಕೂತೆ. ಮುಕ್ಕಾಲು ಭಾಗ ಆಗಿತ್ತು, ಕರೆಂಟು ಹೋಯಿತು. ಯುಪಿಎಸ್ ಕೂಗಿ ಕೂಗಿ ಸುಮ್ಮನಾಯಿತು. ಮಧ್ಯಾಹ್ನ ಮತ್ತೆ ಮೊದಲಿನಿಂದ. ಸಂಜೆಯ ಹೊತ್ತಿಗೆ ಕೈಯಲ್ಲಿ ಎರಡು ಫಾಂಟು, ಎರಡರಲ್ಲೂ ಮೈನಸ್ ಇಲ್ಲ. ಅಗಲದ ಪಟ್ಟಿಯ ಫೈಲು ತೆರೆದು ನಲವತ್ತೈದನೇ ಸಾಲು ನೋಡಿದೆ. ಅಲ್ಲಿ ಅಗಲವೂ ಇತ್ತು, ಹೆಸರೂ ಇತ್ತು. ಅಗಲ ಗೊತ್ತಿಲ್ಲವೆಂದು ತಂತ್ರಾಂಶ ಯಾಕೆ ಹೇಳುತ್ತಿದೆ? ಈಗ ಯಂತ್ರದ ಮೇಲೂ ಅನುಮಾನ ಬರತೊಡಗಿತು.

ಗುರುವಾರ ಬೆಳಿಗ್ಗೆ ನಾಚಿಕೆ ಬಿಟ್ಟು ಪ್ರೆಸ್ಸಿಗೆ ಫೋನು ಮಾಡಿದೆ. ಅವರ ಮೇಜಿನ ಹಿಂದಿನ ಗೋಡೆಗೆ, ಕನ್ನಡ ಫಾಂಟಿನ ಯಾವ ಮನೆಯಲ್ಲಿ ಯಾವ ತುಂಡಿದೆಯೆಂಬ ದೊಡ್ಡ ಪಟ್ಟಿ ಅಂಟಿಸಿದ್ದನ್ನು ನೋಡಿದ್ದೆ.

“ಮೊನ್ನೆದಕ್ಕೆ ತಪ್ಪಾಯ್ತು” ಎಂದೆ. “ಫೈಲು ನಮ್ಮಲ್ಲೇ ಕೆಟ್ಟಿತ್ತು. ನಿಮ್ಮನ್ನ ಹಾಗೆ ಕೇಳಬಾರ್ದಿತ್ತು.”

ಆ ಕಡೆ ಅವರು ಯಾರಿಗೋ ಯಂತ್ರ ನಿಲ್ಲಿಸಲು ಹೇಳಿದರು.

“ಈಗ ಎಂತ ಆಗ್ಬೇಕು ಹೇಳಿ.”

“ನಿಮ್ಮ ಪಟ್ಟಿಯಲ್ಲಿ ನಲವತ್ತೈದನೇ ಮನೇಲಿ ಏನಿದೆ ನೋಡ್ತೀರಾ?”

“ನೋಡೋದೆಂತ, ಬಾಯಿಪಾಠ. ಅಡ್ಡಗೆರೆ.”

“ಮೈನಸ್ ಅಲ್ವಾ?”

“ಮೈನಸ್ ಅಲ್ಲ ಮೇಡಂ. ಸಾಲಿನ ಕೊನೇಲಿ ಪದ ಮುರೀವಾಗ ಹಾಕ್ತೀವಲ್ಲ, ಆ ಗೆರೆ. ನಾನು ಮೊಳೆ ಜೋಡಿಸ್ತಿದ್ದಾಗ ಗಣಿತದ ಪುಸ್ತಕ ಬಂದ್ರೆ ಮೈನಸ್ಸಿಗೆ ಬೇರೆ ಮೊಳೆ, ಬೇರೆ ಖಾನೆ. ನೋಡೋಕೆ ಎರಡೂ ಒಂದೇ ಥರ. ಗೊತ್ತಿಲ್ದೋರು ಬೆರೆಸಿಬಿಡ್ತಿದ್ರು, ಬೈಸ್ಕೊಳ್ತಿದ್ರು.”

ಫೋನಿಟ್ಟು ಅಗಲದ ಪಟ್ಟಿಯನ್ನು ಮತ್ತೆ ತೆರೆದೆ. ನಲವತ್ತೈದನೇ ಸಾಲಿನಲ್ಲಿದ್ದ ಹೆಸರು ‘ಹೈಫನ್’. ತಂತ್ರಾಂಶದ ಕೈಪಿಡಿಯಲ್ಲಿ ಪಿಡಿಎಫ್ ಬಗ್ಗೆ ಇದ್ದ ಅಧ್ಯಾಯವನ್ನು ಈ ಸಲ ಒಂದು ಸಾಲೂ ಬಿಡದೆ ಓದಿದೆ. ಕೊನೆಗೆ ಸಣ್ಣದಾಗಿ ಅಲ್ಲಿತ್ತು: ಪಿಡಿಎಫ್ ಮಾಡುವಾಗ ನಲವತ್ತೈದನೇ ಅಕ್ಷರವನ್ನು ತಂತ್ರಾಂಶ ಯಾವಾಗಲೂ ಮೈನಸ್ ಎಂದೇ ಕರೆಯುತ್ತದೆ. ಶಾಲೆಯ ಹಾಜರಿಯಲ್ಲಿ ಒಂದು ಹೆಸರು, ಮನೆಯಲ್ಲಿ ಕರೆಯುವುದು ಇನ್ನೊಂದು. ತಂತ್ರಾಂಶ ‘ಮೈನಸ್’ ಎಂದು ಕೂಗುತ್ತಿತ್ತು. ನನ್ನ ಫಾಂಟಿನಲ್ಲಿ ಆ ಹೆಸರಿನವರು ಯಾರೂ ಇರಲಿಲ್ಲ. ಹೈಫನ್ ಓಗೊಡಲಿಲ್ಲ. ಆ ಜಾಗ ಖಾಲಿ ಬಿತ್ತು.

ಆಮೇಲಿನ ಕೆಲಸ ಒಂದು ಗಂಟೆಯದು. ಫಾಂಟು ತಿದ್ದುವ ತಂತ್ರಾಂಶದಲ್ಲಿ ಹೈಫನ್ನಿನ ಗೆರೆಯನ್ನು ನಕಲು ಮಾಡಿ, ಸ್ವಲ್ಪ ಉದ್ದ ಎಳೆದು, ಅದಕ್ಕೆ ಮೈನಸ್ ಎಂದು ಹೆಸರಿಟ್ಟೆ. ಅಗಲದ ಪಟ್ಟಿಯಲ್ಲೂ ಅದೇ ಹೆಸರಿನ ಒಂದು ಸಾಲು ಸೇರಿಸಿದೆ. ಫೈಲು ಮಾಡಿದೆ. ಕೆಂಪಕ್ಷರದ ಎಚ್ಚರಿಕೆ ಬರಲಿಲ್ಲ. ಖಾಲಿ ಪುಟದ ಮೇಲೆ ಮೈನಸ್ ಐದು ಮೂಡಿತು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮೂರು ದಿನ ಎಲ್ಲರನ್ನೂ ಅನುಮಾನಿಸಿ ಕಣ್ಣಿಗೆ ಅದೇ ರೂಢಿಯಾಗಿತ್ತು. ಹೊಸ ನಕ್ಷೆಯನ್ನು ದೊಡ್ಡ ಹಾಳೆಯಲ್ಲಿ ಪ್ರಿಂಟ್ ಮಾಡಿ, ಸ್ಕೇಲು ಇಟ್ಟುಕೊಂಡು, ಒಂದೊಂದು ಸಾಲಿಗೂ ಪಟ್ಟಿ ಯಾವ ಕಡೆ, ಗುರುತು ಏನು ಎಂದು ಟಿಕ್ ಹಾಕುತ್ತ ಹೋದೆ. ಅರೇಬಿಕಾದ ಸಾಲುಗಳೆಲ್ಲ ಎಡಕ್ಕೆ, ಎಲ್ಲದಕ್ಕೂ ಮೈನಸ್. ಒಂದನೇ ನಂಬರ್, ಅಧ್ಯಕ್ಷರ ಮಾದರಿ ತೋಟ, ಅದೂ ಅರೇಬಿಕಾವೇ. ಅದರ ಪಟ್ಟಿ ಮಾತ್ರ ಬಲಕ್ಕಿತ್ತು. ಹನ್ನೊಂದು ಏರಿಕೆ.

ಇದನ್ನು ನಾನು ಮೊದಲೂ ನೋಡಿದ್ದೆ. ಅವರಿಗೇನು, ನೀರಾವರಿ ಇದೆ, ಆಳುಕಾಳು ಇದ್ದಾರೆ, ಹೆಚ್ಚಿರಬಹುದು ಎಂದುಕೊಂಡು ಸುಮ್ಮನಾಗಿದ್ದೆ. ಈಗ ಸುಮ್ಮನಿರಲಾಗಲಿಲ್ಲ. ಫಾಂಟು ಒಂದು ಗೆರೆಯನ್ನು ನುಂಗೀತು. ಎಡಕ್ಕಿದ್ದ ಪಟ್ಟಿಯನ್ನು ಎತ್ತಿ ಬಲಕ್ಕೆ ಇಡಲಾರದು.

ಬೀರುವಿನಿಂದ ಫೀಲ್ಡ್ ಪುಸ್ತಕ ತೆಗೆದೆ. ತೋಟದಲ್ಲೇ ನಿಂತು ಪೆನ್ಸಿಲಿನಲ್ಲಿ ಬರೆದ, ಮಣ್ಣಿನ ಬೆರಳಚ್ಚು ಬಿದ್ದ ರಟ್ಟಿನ ಪುಸ್ತಕ. ಒಂದನೇ ತೋಟದ ಎರಡು ಫಸಲಿನ ತೂಕವೂ ಅಲ್ಲಿತ್ತು. ಕಳೆದು ನೋಡಿದರೆ ನೂರಕ್ಕೆ ಹನ್ನೊಂದು ಇಳಿಕೆ. ನಾನೇ ಟೈಪು ಮಾಡುವಾಗ ತಪ್ಪಿದೆನೇ? ಮೊದಲ ಸಲ ಅಂಕಿ ತುಂಬಿದಾಗ ಫ್ಲಾಪಿಯಲ್ಲಿ ಒಂದು ಪ್ರತಿ ಇಟ್ಟಿದ್ದೆ. ಹುಡುಕಿ ತೆರೆದೆ. ಅದರಲ್ಲಿ ಮೈನಸ್ ಹನ್ನೊಂದು. ಕಂಪ್ಯೂಟರಿನಲ್ಲಿದ್ದ ಫೈಲಿನಲ್ಲಿ ಹನ್ನೊಂದು. ಈ ಮೈನಸ್ಸನ್ನು ತೆಗೆದದ್ದು ಒಂದು ಕೈ.

ಶುಕ್ರವಾರ ಸಂಯೋಜಕರು ಬಂದೊಡನೆ ಎಲ್ಲವನ್ನೂ ಹೇಳಿದೆ. ಮೊದಲು ಫಾಂಟಿನ ಕಥೆ. ಅವರ ಮುಖದ ಮೇಲೆ ನಿರಾಳ ಮೂಡಿದ್ದು ನನಗೆ ಕಂಡಿತು. ಕೂಡಲೇ ಸರಿಯಾದ ನಕ್ಷೆಯಿರುವ ಒಂದು ತಿದ್ದುಪಡಿ ಚೀಟಿ ಅಚ್ಚು ಹಾಕಿಸೋಣ, ಭಾನುವಾರ ಕಳಸದ ಕಡೆಯವರನ್ನು ಸೇರಿಸಿ ಸಭೆ ಮಾಡಿ ಹಂಚೋಣ ಎಂದರು. ಆಮೇಲೆ ನಾನು ಫೀಲ್ಡ್ ಪುಸ್ತಕವನ್ನೂ ಫ್ಲಾಪಿಯನ್ನೂ ಅವರ ಮುಂದಿಟ್ಟೆ.

ಅವರು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು.

“ಇದನ್ನ ಯಾರಿಗೆ ತೋರಿಸಿದೀಯಮ್ಮ?”

“ಯಾರಿಗೂ ಇಲ್ಲ ಸರ್.”

“ಸರಿ. ಚೀಟಿಯಲ್ಲಿ ಒಂದನೇದನ್ನೂ ಸರಿ ಮಾಡಿ ಹಾಕು. ಮೈನಸ್ ಹನ್ನೊಂದು ಅಂತಲೇ ಹಾಕು, ಪಟ್ಟಿ ಎಡಕ್ಕೆ ಬರ್ಲಿ. ಬೆಳೆಗಾರ್‍ರಿಗೆ ಸತ್ಯ ತಲುಪಿತು ತಾನೆ? ಕಾರಣ ಮಾತ್ರ ಒಂದೇ ಬರಿ. ಎಲ್ಲಾ ಫಾಂಟಿಂದ ಆಯ್ತು ಅಂತ.”

“ಅದು ಫಾಂಟಿಂದ ಆಗಿದ್ದಲ್ಲ ಸರ್.”

“ನಿಂಗೆ ಗೊತ್ತು, ನಂಗೆ ಗೊತ್ತು. ಫಾಂಟ್ ಮೇಲೆ ಹಾಕ್ಬಿಡು ಮಾರಾಯ್ತಿ, ಅದಕ್ಕೇನು ಬಾಯಿದೆಯಾ?”

“ಬದಲಾಯಿಸಿದ್ದು ಯಾರು ಸರ್?”

ಅವರು ಕಿಟಕಿಯ ಕಡೆ ನೋಡಿದರು. “ಅಧ್ಯಕ್ಷರ ಮನೆಗೆ ಫೈಲು ಹೋಗಿ ಬಂದಿತ್ತು. ನನ್ನ ಕೈಲೂ ಇತ್ತು. ಇಷ್ಟು ಜನ ಬಂದು ನೋಡಿ ಹೋದ ತೋಟ ಅದು. ಅಲ್ಲೇ ಕಡಿಮೆ ಆಯ್ತು ಅಂದ್ರೆ ಐದು ವರ್ಷದ ಕೆಲಸ ಏನಾಗ್ಬೇಕು? ಇದಕ್ಕಿಂತ ಹೆಚ್ಚು ಕೇಳಬೇಡ.”

ಅವರ ಸಲಹೆ ಸುಲಭದ್ದಾಗಿತ್ತು, ಅದನ್ನು ಒಪ್ಪುತ್ತೇನೆ. ಸರಿಯಾದ ಸಂಖ್ಯೆ ಜನರ ಕೈ ಸೇರುತ್ತಿತ್ತು, ಮರಗಳು ಉಳಿಯುತ್ತಿದ್ದವು, ನನ್ನ ಕೆಲಸವೂ ಉಳಿಯುತ್ತಿತ್ತು. ನಾನು ಚೀಟಿಯಲ್ಲಿ ಎರಡು ವಾಕ್ಯ ಬರೆದೆ. ಒಂದು, ನನ್ನ ಅಜಾಗರೂಕತೆಯಿಂದ ಫಾಂಟಿನ ದೋಷ ಗಮನಕ್ಕೆ ಬಾರದೆ ಮೈನಸ್ ಗುರುತುಗಳು ಬಿಟ್ಟುಹೋಗಿವೆ. ಎರಡು, ಒಂದನೇ ತೋಟದ ತಪ್ಪು ಫಾಂಟಿನದಲ್ಲ, ನಮ್ಮ ಫೈಲಿನಲ್ಲಿ ಅಂಕಿಯೇ ಬದಲಾಗಿತ್ತು. ಸಂಯೋಜಕರು ಎರಡನೇ ವಾಕ್ಯದ ಮೇಲೆ ಗೀಟು ಎಳೆದು, ಸಹಿ ಹಾಕಿ, ಪ್ರೆಸ್ಸಿಗೆ ಕಳಿಸಿದರು. ಜಗಳಕ್ಕೆ ಕೂತರೆ ಸೋಮವಾರದೊಳಗೆ ಚೀಟಿ ಅಚ್ಚಾಗುವುದಿಲ್ಲ. ಸುಮ್ಮನಾದೆ. ಆದರೆ ಫೀಲ್ಡ್ ಪುಸ್ತಕವನ್ನು ಬೀರುವಿಗೆ ವಾಪಸು ಇಡಲಿಲ್ಲ. ನನ್ನ ಚೀಲಕ್ಕೆ ಹಾಕಿಕೊಂಡೆ. ಆ ಬೀರುವಿನ ಬೀಗದ ಕೈ ಎಷ್ಟು ಜನರ ಹತ್ತಿರವಿದೆಯೋ ನನಗೆ ಗೊತ್ತಿರಲಿಲ್ಲ.

ಭಾನುವಾರ ಆ ಬೆಳೆಗಾರ್ತಿಯ ಊರಿನ ಶಾಲೆಯಲ್ಲಿ ಸಭೆ ಸೇರಿತು. ಮೂವತ್ತು ಜನರಿದ್ದರೇನೋ. ಮಕ್ಕಳ ಬೆಂಚುಗಳ ಮೇಲೆ ಮೊಣಕಾಲು ಮಡಚಿ ಕೂತಿದ್ದರು. ಸಂಯೋಜಕರು ಚೀಟಿ ಹಂಚಿಸಿ, ಕಂಪ್ಯೂಟರಿನಲ್ಲಿ ಅಕ್ಷರದ ತೊಂದರೆಯಿಂದ ಹೀಗಾಯಿತೆಂದು ಚೆನ್ನಾಗಿಯೇ ವಿವರಿಸಿದರು. ಜನ ತಲೆಯಾಡಿಸಿದರು. ಒಬ್ಬರು ಮಾತ್ರ, “ಹಂಗಾದ್ರೆ ಅಕ್ಕ ಹೇಳಿದ್ದೇ ಸರಿ ಆಯ್ತಲ” ಎಂದರು. ಯಾರೋ ನಕ್ಕರು. ಬೆಳೆಗಾರ್ತಿ ನಗಲಿಲ್ಲ. ಹಳೆಯ ಪುಸ್ತಕದ ಹನ್ನೆರಡನೇ ಪುಟವನ್ನೂ ಹೊಸ ಚೀಟಿಯನ್ನೂ ತೊಡೆಯ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ಬೆರಳಿನಲ್ಲಿ ಸಾಲು ಹಿಡಿದು ನೋಡುತ್ತಿದ್ದರು. ನನಗೆ ಬೇಕಾದದ್ದೂ, ಬೇಡವಾದದ್ದೂ ಅದೇ.

ಅವರು ಎದ್ದು ನಿಂತರು.

“ಉಳ್ದಿದ್ದೆಲ್ಲ ಸರಿ ಅದೆ. ಅಡ್ಡಗೆರೆ ಬಿಟ್ಟು ಹೋಗಿತ್ತು, ಈಗ ಹಾಕಿದೀರಿ. ಈ ಒಂದನೇ ನಂಬ್ರದ್ದು ಹಳೇ ಪುಸ್ತಕದಲ್ಲಿ ಪಟ್ಟಿನೇ ಆ ಕಡೆಗಿತ್ತು, ಚೀಟಿಲಿ ಈ ಕಡೆಗೆ ಬಂದದೆ. ಅದೂ ಅಕ್ಷರದ ತೊಂದರೆನಾ?”

ಸಂಯೋಜಕರು, “ಹೌದಮ್ಮ, ಎಲ್ಲಾ ಒಂದೇ—” ಎಂದು ಶುರುಮಾಡಿದರು.

“ನಿಮ್ಮನ್ನಲ್ಲ ಸಾರ್. ಲೆಕ್ಕ ಮಾಡಿದ ಮೇಡಂನ ಕೇಳಿದ್ದು.”

ಎಲ್ಲರೂ ನನ್ನತ್ತ ತಿರುಗಿದರು.

“ಅಲ್ಲ” ಎಂದೆ. “ಅದು ಅಕ್ಷರದ ತೊಂದರೆ ಅಲ್ಲ. ನಮ್ಮ ಕಚೇರಿಯ ಫೈಲಲ್ಲಿ ಅಂಕಿನೇ ಬದಲಾಗಿತ್ತು. ಬದಲಾಯಿಸಿದ್ದು ಯಾರು ಅಂತ ನಾನು ಹೇಳಕ್ಕಾಗಲ್ಲ, ನಾನು ನೋಡಿಲ್ಲ. ತೋಟದಲ್ಲಿ ಬರ್ಕೊಂಡಿದ್ದು ಇಲ್ಲಿದೆ.”

ಚೀಲದಿಂದ ಫೀಲ್ಡ್ ಪುಸ್ತಕ ತೆಗೆದು ಅವರ ಕೈಗೆ ಕೊಟ್ಟೆ. ಸಂಯೋಜಕರು ನನ್ನ ಹೆಸರು ಹಿಡಿದು ಒಮ್ಮೆ ಕರೆದರು, ಅಷ್ಟೇ. ಅವರ ದನಿಯಲ್ಲಿ ಸಿಟ್ಟಿಗಿಂತ ಸುಸ್ತು ಹೆಚ್ಚಿತ್ತು.

ಬೆಳೆಗಾರ್ತಿ ಪಕ್ಕದವರ ಕನ್ನಡಕ ಇಸಿದುಕೊಂಡು ಮೊದಲ ಪುಟ ಬಿಡಿಸಿದರು. ಒಂದನೆಯದನ್ನು ಓದಿದರು. ಅಲ್ಲಿಗೆ ನಿಲ್ಲಿಸುತ್ತಾರೆ ಎಂದುಕೊಂಡೆ. ನಿಲ್ಲಿಸಲಿಲ್ಲ. ಎರಡನೆಯದು, ಮೂರನೆಯದು, ಎರಡು ಫಸಲಿನ ತೂಕವನ್ನೂ ಗಟ್ಟಿಯಾಗಿ ಓದಿ, ಯಾರಾದರೂ ಕಳೆದು ಹೇಳುವವರೆಗೆ ಕಾದು, ಚೀಟಿಯೊಡನೆ ಹೋಲಿಸಿ, ಮುಂದಿನ ಪುಟ. ಹಿಂದಿನ ಬೆಂಚಿನಲ್ಲಿದ್ದ ನಿವೃತ್ತ ಮೇಷ್ಟರೊಬ್ಬರು ಎದ್ದು ಬಂದು ಕರಿಹಲಗೆಯ ಮೇಲೆ ಲೆಕ್ಕ ಬರೆಯತೊಡಗಿದರು. ಹದಿನಾರನೆಯದರಲ್ಲಿ ವ್ಯತ್ಯಾಸ ಬಂದಾಗ ಚೀಟಿಯ ಹಿಂಬದಿಯಲ್ಲಿ ನಾನೂ ಕಳೆದು ನೋಡಿದೆ. ಮೇಷ್ಟರೇ ಕಳೆಯುವಾಗ ತಪ್ಪಿದ್ದರು. ಇಪ್ಪತ್ನಾಲ್ಕೂ ಮುಗಿಯುವವರೆಗೆ ಯಾರೂ ಏಳಲಿಲ್ಲ.

“ಸರಿ ಅದೆ” ಎಂದರು ಅವರು ಕೊನೆಗೆ. ನಾನು ಪುಸ್ತಕಕ್ಕೆ ಕೈ ಚಾಚಿದೆ. ಅವರು ಅದನ್ನು ತಮ್ಮ ಪ್ಲಾಸ್ಟಿಕ್ ಚೀಲದೊಳಕ್ಕೆ ಇಳಿಸಿದರು.

“ಇದು ನನ್ನ ಹತ್ರ ಇರ್ಲಿ ಮೇಡಂ. ಸರಿಯಾದ ಪುಸ್ತಕ ಅಚ್ಚಾಗಿ ಬಂದ ದಿನ ತಂದು ಕೊಡ್ತೀನಿ. ನಿಮ್ಮ ಮೇಲೆ ಅನುಮಾನ ಅಂತಲ್ಲ.” ಸ್ವಲ್ಪ ತಡೆದು, “ನಿಮ್ಮ ಮೇಲೂ ಸ್ವಲ್ಪ ಅದೆ” ಎಂದರು.

ಕಚೇರಿಯ ದಾಖಲೆಯನ್ನು ಹೊರಗೆ ಬಿಡುವಂತಿಲ್ಲವೆಂದು ನನಗೆ ಗೊತ್ತಿತ್ತು. ಬಿಟ್ಟೆ. ಅದಕ್ಕಾಗಿಯೇ ಮರುವಾರ ಮೆಮೊ ಬಂತು, ಮಳೆ ಹಿಡಿಯುವ ಹೊತ್ತಿಗೆ ಗುತ್ತಿಗೆ ಮುಗಿಯಿತು, ನವೀಕರಿಸಲಿಲ್ಲ. ಗುರುತು ಹಾಕಿದ್ದ ಆರು ಮನೆಗಳಲ್ಲಿ ನಾಲ್ವರು ಸೋಮವಾರ ಬಂದ ಕಡಿಯುವವರನ್ನು ವಾಪಸು ಕಳಿಸಿದರಂತೆ. ಒಬ್ಬರದು ರೋಬಸ್ಟಾ ತೋಟ, ಲೆಕ್ಕ ನೋಡಿಯೇ ಕಡಿಸಿದರು. ಇನ್ನೊಬ್ಬರು ಯಾರ ಮಾತನ್ನೂ ಕೇಳುವವರಲ್ಲ. ಅಂಕಿ ಬದಲಾಯಿಸಿದ್ದು ಯಾರೆಂದು ಸಂಘ ವಿಚಾರಿಸಲಿಲ್ಲ. ನನಗೆ ಇವತ್ತಿಗೂ ಗೊತ್ತಿಲ್ಲ.

ಹೊಸ ಆವೃತ್ತಿ ಅಚ್ಚಾದದ್ದು ಮುಂದಿನ ವರ್ಷ, ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮೇಲೆ. ಆಗ ನಾನು ಬೇರೆ ಕಡೆ ಕೆಲಸದಲ್ಲಿದ್ದೆ. ಬೆಳೆಗಾರ್ತಿ ಫೀಲ್ಡ್ ಪುಸ್ತಕ ತೆಗೆದುಕೊಂಡು ಮೂಡಿಗೆರೆಯ ಕಚೇರಿಗೆ ಹೋಗಿ, ಅಲ್ಲೇ ಕೂತು ಇಪ್ಪತ್ನಾಲ್ಕು ಸಾಲನ್ನೂ ಮತ್ತೊಮ್ಮೆ ತಾಳೆ ನೋಡಿ, ಪುಸ್ತಕ ಒಪ್ಪಿಸಿ, ಒಪ್ಪಿಸಿದ್ದಕ್ಕೆ ಸಂಯೋಜಕರ ಕೈಯಲ್ಲೇ ರಸೀದಿ ಬರೆಸಿಕೊಂಡು ಬಸ್ಸು ಹತ್ತಿದರೆಂದು ಕೇಳಿದೆ.